ಡಿವಿಡಿಯ ನಕಲು: ಹಕ್ಕೆಷ್ಟು? ಹೊಣೆಯೆಷ್ಟು?

ನೆರೆಯವನ ಹೊಲದಿಂದ ಜೋಳದ ಒಂದು ತೆನೆ ಮುರಿದರೆ ಅದು ಕಳ್ಳತನ. ಇದು ಸೈದಾಪುರದ ಯಾವ ಮಗುವಿಗೂ ಗೊತ್ತಿರುವ ವಿಷಯ. ಯಾಕೆಂದರೆ ಮುರಿದ ತೆನೆ ಮತ್ತೆ ಹೊಲದಲ್ಲಿರುವುದಿಲ್ಲ. ಒಬ್ಬನ ಕೈಗೆ ಬಂದದ್ದು ಇನ್ನೊಬ್ಬನ ಕೈಯಿಂದ ಹೋಗಿರುತ್ತದೆ. ಆದರೆ ಮನೆಯ ಕಂಪ್ಯೂಟರಿನಲ್ಲಿ ಒಂದು ಡಿವಿಡಿಯ ನಕಲು ತೆಗೆದಾಗ ಯಾರ ಕೈಯಿಂದಲೂ ಏನೂ ಹೋದಂತೆ ಕಾಣುವುದಿಲ್ಲ. ಮೂಲ ಡಿಸ್ಕ್ ಇದ್ದಲ್ಲೇ ಇರುತ್ತದೆ, ಅದರ ಜೊತೆಗೆ ಇನ್ನೊಂದು ಹುಟ್ಟಿರುತ್ತದೆ. ಹಾಗಾದರೆ ಇದರಲ್ಲಿ ತಪ್ಪೇನು? ತಪ್ಪಿಲ್ಲವೆಂದಾದರೆ ಕವರಿನ ಮೇಲೆ ನಕಲು ಮಾಡಬಾರದೆಂಬ ಎಚ್ಚರಿಕೆ ಯಾಕೆ? ತಪ್ಪೆಂದಾದರೆ, ಬೆವರು ಸುರಿಸಿ ಗಳಿಸಿದ ಹಣದಿಂದ ಕೊಂಡ ವಸ್ತುವನ್ನು ಜೋಪಾನ ಮಾಡುವ ಹಕ್ಕೂ ನಮಗಿಲ್ಲವೇ?

ಇದೊಂದು ಕ್ಷುಲ್ಲಕ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಮನುಷ್ಯನ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ ನಡೆಯುವುದು ಹತ್ತು ಜನ ನೋಡುವ ಪೇಟೆಯಲ್ಲಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ಲೆಕ್ಕ ಕೇಳದ ಕಡೆ ಅದು ನಡೆಯುತ್ತದೆ. ಮನೆಯ ಕಂಪ್ಯೂಟರ್ ಅಂತಹ ಒಂದು ಕೋಣೆ. ಅಲ್ಲಿ ಸಾಕ್ಷಿಯಾಗಿರುವವನು ಅಲ್ಲಾಹನೊಬ್ಬನೇ.

ನಷ್ಟದ ಭಯ ಸುಳ್ಳಲ್ಲ

ಮೊದಲು ವಾಸ್ತವವನ್ನು ಒಪ್ಪಿಕೊಳ್ಳೋಣ. ಡಿವಿಡಿ ಎಂಬುದು 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಬಿಲ್ಲೆ. ಒಂದು ಪದರದ ಡಿಸ್ಕಿನಲ್ಲಿ 4.7 ಗಿಗಾಬೈಟ್, ಎರಡು ಪದರದ್ದರಲ್ಲಿ 8.5 ಗಿಗಾಬೈಟ್ ವಿಷಯ ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕ್ ಸ್ವಲ್ಪ ಗಟ್ಟಿ. ಅಂಗಡಿಯಲ್ಲೋ ಮನೆಯಲ್ಲೋ ಬರೆದ ಡಿಸ್ಕ್ ಬಹಳ ನಾಜೂಕು. ಅದರಲ್ಲಿ ವಿಷಯವನ್ನು ಹಿಡಿದಿಡುವುದು ಒಂದು ಬಗೆಯ ಬಣ್ಣದ ಪದರ. ಬಿಸಿಲು ಮತ್ತು ಶಾಖ ತಗಲಿದರೆ ಆ ಬಣ್ಣ ಮಾಸುತ್ತದೆ.

ಸೈದಾಪುರ ವಾಡಿ-ರಾಯಚೂರು ರೈಲು ಮಾರ್ಗದ ಊರು. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ. ತಗಡಿನ ಮಾಡಿನ ಕೆಳಗೆ, ಕಬ್ಬಿಣದ ಕಪಾಟಿನಲ್ಲಿ, ಧೂಳಿನ ನಡುವೆ ಇಟ್ಟ ಡಿಸ್ಕಿನ ಗತಿಯೇನೆಂದು ಹೇಳಬೇಕಾಗಿಲ್ಲ. ಇನ್ನೊಂದು ಕಷ್ಟವೂ ಇದೆ. ಇಂದಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಕೆಟ್ಟುಹೋದ ಡಿವಿಡಿ ಪ್ಲೇಯರನ್ನು ರಿಪೇರಿ ಮಾಡುವವರೂ ಕಡಿಮೆಯಾಗಿದ್ದಾರೆ. ಆದ್ದರಿಂದ ಮಗನ ಮದುವೆಯ ಡಿಸ್ಕ್, ಹಜ್ ಯಾತ್ರೆಯ ಕ್ರಮವನ್ನು ಕಲಿಸುವ ಡಿಸ್ಕ್, ಮಕ್ಕಳು ಕುರ್‌ಆನ್ ಪಾರಾಯಣ ಕಲಿತ ಡಿಸ್ಕ್ ಇವೆಲ್ಲ ಇನ್ನೂ ಓಡುತ್ತಿರುವಾಗಲೇ ಹಾರ್ಡ್ ಡಿಸ್ಕಿಗೋ ಪೆನ್ ಡ್ರೈವಿಗೋ ಇಳಿಸಿಕೊಳ್ಳಬೇಕೆಂದು ಒಂದು ಕುಟುಂಬ ಬಯಸಿದರೆ ಅದು ದುರಾಸೆಯಲ್ಲ, ಜಾಗರೂಕತೆ.

ಹರಾಮಾದ ದೃಶ್ಯಗಳಿರುವ ಡಿಸ್ಕನ್ನು ಜೋಪಾನ ಮಾಡುವ ಪ್ರಶ್ನೆಯೇ ಏಳುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಚರ್ಚೆ ಮನೆಮಂದಿಯೆಲ್ಲ ಕುಳಿತು ನೋಡಬಹುದಾದುದರ ಕುರಿತಾಗಿದೆ.

ಜೋಪಾನದ ನಕಲು ಹೊಸತಲ್ಲ

ಅಮೂಲ್ಯವಾದುದು ನಾಶವಾಗಬಾರದೆಂದು ಪ್ರತಿ ಮಾಡಿಡುವುದು ಇಸ್ಲಾಮೀ ಪರಂಪರೆಗೆ ಅಪರಿಚಿತವೇನಲ್ಲ. ಪ್ರವಾದಿ(ಸ)ಯವರ ನಿಧನಾನಂತರ ನಡೆದ ಯಮಾಮಾ ಯುದ್ಧದಲ್ಲಿ ಕುರ್‌ಆನನ್ನು ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದರು. ಆಗ ಉಮರ್(ರ)ರ ಮನಸ್ಸಿನಲ್ಲಿ ಮೂಡಿದ್ದು ಇದೇ ನಷ್ಟದ ಭಯ. ಅವರ ಸಲಹೆಯಂತೆ ಖಲೀಫಾ ಅಬೂಬಕರ್(ರ)ರು ಝೈದ್ ಬಿನ್ ಸಾಬಿತ್(ರ)ರಿಗೆ ಕುರ್‌ಆನನ್ನು ಒಂದೆಡೆ ಬರೆದಿಡುವ ಹೊಣೆ ವಹಿಸಿದರು. ಆ ಪ್ರತಿ ಕೊನೆಗೆ ಹಫ್ಸಾ(ರ)ರ ಬಳಿ ಉಳಿಯಿತು. ಮುಂದೆ ಖಲೀಫಾ ಉಸ್ಮಾನ್(ರ)ರು ಅದನ್ನು ಅವರಿಂದ ಕೇಳಿ ತರಿಸಿ, ಪ್ರತಿಗಳನ್ನು ಮಾಡಿಸಿ, ಬೇರೆ ಬೇರೆ ನಾಡುಗಳಿಗೆ ಕಳುಹಿಸಿದರು. ಕೆಲಸ ಮುಗಿದ ಬಳಿಕ ಮೂಲ ಪ್ರತಿಯನ್ನು ಹಫ್ಸಾ(ರ)ರಿಗೇ ಮರಳಿಸಿದರು.

ಅಲ್ಲಾಹನ ಗ್ರಂಥವು ಯಾರೊಬ್ಬರ ಸೊತ್ತೂ ಅಲ್ಲ. ಆದ್ದರಿಂದ ಈ ಘಟನೆಯನ್ನು ತೋರಿಸಿ ಎಲ್ಲ ನಕಲೂ ಸರಿ ಎಂದು ವಾದಿಸುವಂತಿಲ್ಲ. ಆದರೆ ಎರಡು ಪಾಠಗಳು ಇದರಲ್ಲಿವೆ. ನಷ್ಟದಿಂದ ರಕ್ಷಿಸುವ ಉದ್ದೇಶದ ನಕಲು ಸ್ವತಃ ಕೆಟ್ಟದ್ದಲ್ಲ. ಜೊತೆಗೆ, ದೇಶವನ್ನಾಳುವ ಖಲೀಫಾ ಕೂಡ ಮೂಲವನ್ನು ಕೇಳಿ ಪಡೆದರು, ಕೇಳಿ ಪಡೆದದ್ದನ್ನು ಮರಳಿಸಿದರು.

ನಂತರದ ಶತಮಾನಗಳಲ್ಲಿ ಗ್ರಂಥಗಳು ಬೆಳೆದದ್ದೂ ಕೈಬರಹದ ಪ್ರತಿಗಳಿಂದಲೇ. ನಮ್ಮ ಭಾಗದಲ್ಲೇ, ಕಲಬುರಗಿಯ ಖ್ವಾಜಾ ಬಂದೇ ನವಾಝ್ ದರ್ಗಾದ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಗಳಿವೆ. ಆದರೆ ವಿದ್ವಾಂಸರ ನಡುವೆ ಒಂದು ಶಿಸ್ತು ಇತ್ತು. ಶಿಷ್ಯನು ಗುರುವಿನ ಗ್ರಂಥವನ್ನು ನಕಲು ಮಾಡಿ, ಮೂಲದೊಂದಿಗೆ ಹೋಲಿಸಿ ನೋಡಿ, ಅದನ್ನು ಇತರರಿಗೆ ಕಲಿಸಲು ಗುರುವಿನಿಂದ ‘ಇಜಾಝತ್’ ಪಡೆಯುತ್ತಿದ್ದ. ನಕಲಿನ ಹಿಂದೆ ಅನುಮತಿಯಿತ್ತು, ಶ್ರಮಪಟ್ಟವನ ಹೆಸರು ಉಳಿಯುತ್ತಿತ್ತು.

ನಾವು ಕೊಂಡದ್ದೇನು?

ಈಗ ಮೂಲ ಪ್ರಶ್ನೆಗೆ ಬರೋಣ. ಒಬ್ಬನು ಹಣ ಕೊಟ್ಟು ಒಂದು ಡಿವಿಡಿ ಕೊಂಡಾಗ ನಿಜವಾಗಿ ಕೊಂಡದ್ದೇನು? ಪ್ಲಾಸ್ಟಿಕ್ ಬಿಲ್ಲೆಯನ್ನೇ? ಅಥವಾ ಅದರೊಳಗಿನ ವಿಷಯವನ್ನು ನೋಡುವ ಹಕ್ಕನ್ನೇ?

ಬಿಲ್ಲೆ ಮಾತ್ರ ಎನ್ನುವುದು ಹಾಸ್ಯಾಸ್ಪದ. ಖಾಲಿ ಬಿಲ್ಲೆ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ. ಉಳಿದ ಹಣ ನಾವು ಕೊಟ್ಟದ್ದು ಅದರೊಳಗಿನ ವಿಷಯಕ್ಕೆ, ಅದನ್ನು ಸಿದ್ಧಪಡಿಸಿದವರ ಶ್ರಮಕ್ಕೆ. ಹಾಗಿರುವಾಗ ಬಿಲ್ಲೆ ಒಡೆದುಹೋದರೆ ನಮ್ಮ ಹಕ್ಕೂ ಒಡೆಯಿತೆಂದು ಮಾರಾಟಗಾರ ಹೇಳುವುದು ನ್ಯಾಯವಲ್ಲ. ನಕಲು ಮಾಡಹೊರಟಾಗ ‘ನೀವು ಕೊಂಡದ್ದು ನೋಡುವ ಅನುಮತಿ ಮಾತ್ರ’ ಎನ್ನುವುದು, ಡಿಸ್ಕ್ ಕೆಟ್ಟಾಗ ‘ನೀವು ಕೊಂಡದ್ದು ಆ ಬಿಲ್ಲೆ ಮಾತ್ರ, ಇನ್ನೊಂದು ಕೊಳ್ಳಿ’ ಎನ್ನುವುದು ಎರಡು ನಾಲಿಗೆಯ ಮಾತು. ಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರನ್ನು ಕುರ್‌ಆನಿನ ‘ಅಲ್‌ಮುತಫ್ಫಿಫೀನ್’ ಅಧ್ಯಾಯವು ಕಠಿಣವಾಗಿ ಎಚ್ಚರಿಸಿದೆ. ತಕ್ಕಡಿ ಹಿಡಿದ ವ್ಯಾಪಾರಿಗೆ ಅನ್ವಯಿಸುವ ಆ ಎಚ್ಚರಿಕೆ ದೊಡ್ಡ ಕಂಪೆನಿಗೂ ಅನ್ವಯಿಸುತ್ತದೆ.

ಆದರೆ ಅದೇ ತಕ್ಕಡಿ ನಮ್ಮ ಕಡೆಗೂ ತಿರುಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ನಾವು ಕೊಂಡದ್ದು ವಿಷಯವನ್ನು ನೋಡುವ ಹಕ್ಕು ಎಂದಾದರೆ, ಎಷ್ಟು ಮನೆಗೆ ಕೊಂಡಿದ್ದೇವೆ? ಒಂದು ಮನೆಗೆ. ಒಂದು ಬೆಲೆ ಕೊಟ್ಟು ಎರಡು ಮನೆಗೆ ಹಂಚಿದರೆ ಅಳತೆಯಲ್ಲಿ ಮೋಸ ಮಾಡಿದವರು ನಾವೇ. ಬಿಲ್ಲೆ ಕೆಟ್ಟಾಗ ‘ನಾನು ಕೊಂಡದ್ದು ವಿಷಯವನ್ನು’ ಎನ್ನುವ ಗ್ರಾಹಕ, ನೆರೆಯವನಿಗೆ ನಕಲು ಕೊಡುವಾಗ ‘ಇದು ನನ್ನ ಬಿಲ್ಲೆ, ಏನು ಬೇಕಾದರೂ ಮಾಡುತ್ತೇನೆ’ ಎಂದರೆ ಅವನದೂ ಎರಡು ನಾಲಿಗೆಯೇ.

ನಮ್ಮ ಕಡೆ ಒಂದು ಸರಳ ಅಳತೆ ಇದೆ: ಒಲೆ ಎರಡಾದರೆ ಮನೆ ಎರಡು. ತಂದೆ ಸೈದಾಪುರದಲ್ಲಿ, ಮಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬೇರೆ ಸಂಸಾರ ಹೂಡಿದ್ದಾನೆ. ತಂದೆ ತನ್ನ ಡಿಸ್ಕನ್ನು ಮಗನಿಗೆ ಕೊಟ್ಟುಬಿಡಬಹುದು, ನೋಡಿ ಮರಳಿಸೆಂದು ಎರವಲಾಗಿಯೂ ಕೊಡಬಹುದು. ಅದು ಅವರ ವಸ್ತು. ಆದರೆ ಮೂಲ ಮಗನ ಮನೆಯಲ್ಲಿ, ನಕಲು ತಂದೆಯ ಮನೆಯಲ್ಲಿ, ಎರಡೂ ಕಡೆ ಒಂದೇ ದಿನ ಓಡುತ್ತಿದ್ದರೆ ಅದು ಜೋಪಾನವಲ್ಲ. ಒಂದು ಬೆಲೆಗೆ ಎರಡು ಸರಕು ಪಡೆದಂತೆ. ನಕಲು ಮೂಲದ ನೆರಳಿನಂತಿರಬೇಕು. ಮೂಲ ಎಲ್ಲಿಗೆ ಹೋಗುತ್ತದೋ ನೆರಳೂ ಅಲ್ಲಿಗೇ ಹೋಗಬೇಕು, ಇಲ್ಲವೇ ಅಳಿಯಬೇಕು.

ಉಲಮಾಗಳ ನಿಲುವು

ಪುಸ್ತಕ, ಧ್ವನಿಮುದ್ರಿಕೆಗಳ ಹಕ್ಕಿನ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಕೈಯಲ್ಲಿ ಹಿಡಿಯಲಾಗದ ಕೇವಲ ಹಕ್ಕನ್ನು ಮಾರುವಂತಿಲ್ಲ, ಕೊಂಡವನು ತನ್ನ ಪ್ರತಿಯನ್ನು ಇಷ್ಟಬಂದಂತೆ ಬಳಸಬಹುದು ಎಂದು ಹಿಂದಿನ ತಲೆಮಾರಿನ ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದರು. ಆದರೆ 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ಐದನೆಯ ಅಧಿವೇಶನವು ಗ್ರಂಥರಚನೆ, ಆವಿಷ್ಕಾರ, ವ್ಯಾಪಾರದ ಹೆಸರು ಇವುಗಳ ಹಕ್ಕುಗಳು ಶರೀಅತ್‌ನ ದೃಷ್ಟಿಯಲ್ಲಿ ಮಾನ್ಯವಾಗಿವೆ, ಅವುಗಳನ್ನು ಅತಿಕ್ರಮಿಸುವಂತಿಲ್ಲ ಎಂದು ನಿರ್ಣಯಿಸಿತು. ಇಂದಿನ ಕಾಲದಲ್ಲಿ ಈ ಹಕ್ಕುಗಳಿಗೆ ಜನರ ನಡುವೆ ಸೊತ್ತಿನ ಬೆಲೆ ಬಂದಿದೆ ಎಂಬುದೇ ಅದಕ್ಕೆ ಆಧಾರವಾಗಿತ್ತು.

ಪರಸ್ಪರ ಒಪ್ಪಿಗೆಯ ವ್ಯಾಪಾರದಿಂದ ಬಂದದ್ದರ ಹೊರತು ಒಬ್ಬರ ಸೊತ್ತನ್ನು ಇನ್ನೊಬ್ಬರು ಅಕ್ರಮವಾಗಿ ತಿನ್ನಬಾರದೆಂದು ‘ಅನ್ನಿಸಾ’ ಅಧ್ಯಾಯದ 29ನೆಯ ಸೂಕ್ತ ಕಲಿಸುತ್ತದೆ. ಇಲ್ಲಿ ಗಮನಿಸಬೇಕಾದ ಪದ ‘ಪರಸ್ಪರ ಒಪ್ಪಿಗೆ’. ತನ್ನ ಗ್ರಾಹಕನು ಡಿಸ್ಕನ್ನು ಜೋಪಾನ ಮಾಡಿಟ್ಟನೆಂದು ಯಾವ ನ್ಯಾಯವಂತ ಮಾರಾಟಗಾರನೂ ಬೇಸರಿಸಲಾರ. ಆದರೆ ತನ್ನ ಒಂದು ಡಿಸ್ಕ್ ಓಣಿಯ ಹತ್ತು ಮನೆಗಳಿಗೆ ಹರಡಿತೆಂದರೆ ಅವನು ಖಂಡಿತ ಒಪ್ಪಲಾರ. ಹೊಲದಿಂದ ತೆನೆ ಮುರಿದಾಗ ಕಾಣುವ ನಷ್ಟ ಇಲ್ಲಿ ಕಾಣುವುದಿಲ್ಲ, ನಿಜ. ಬರಬೇಕಾಗಿದ್ದ ಒಂಬತ್ತು ಮಂದಿ ಗ್ರಾಹಕರು ಬರಲೇ ಇಲ್ಲ ಎಂಬುದು ಕಾಣದ ನಷ್ಟ. ಕಣ್ಣಿಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಇನ್ನೊಬ್ಬನ ಹಕ್ಕು ಇಲ್ಲವಾಗದು.

ಕಾನೂನು ಏನನ್ನುತ್ತದೆ?

ನಮ್ಮ ದೇಶದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಕಂಪ್ಯೂಟರ್ ಪ್ರೋಗ್ರಾಮಿನ ವಿಷಯದಲ್ಲಿ ಅದರ 52ನೆಯ ವಿಧಿ ಸ್ಪಷ್ಟವಾಗಿದೆ. ನ್ಯಾಯವಾಗಿ ಪ್ರತಿಯನ್ನು ಹೊಂದಿರುವವನು ನಷ್ಟ, ನಾಶ, ಹಾನಿಗಳಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಚಲನಚಿತ್ರ, ಧ್ವನಿಮುದ್ರಣಗಳಿಗೆ ಇಷ್ಟು ನೇರವಾದ ಮಾತಿಲ್ಲ. ಆದರೆ 2012ರ ತಿದ್ದುಪಡಿಯ ಬಳಿಕ, ಕಂಪ್ಯೂಟರ್ ಪ್ರೋಗ್ರಾಮ್ ಹೊರತು ಯಾವುದೇ ಕೃತಿಯನ್ನು ಖಾಸಗಿ ಅಥವಾ ಸ್ವಂತ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸುವುದು ಉಲ್ಲಂಘನೆಯಲ್ಲ ಎಂಬ ವಿನಾಯಿತಿ ಇವುಗಳಿಗೂ ದೊರೆತಿದೆ. ‘ಸ್ವಂತ ಉಪಯೋಗ’ ಮತ್ತು ‘ನ್ಯಾಯೋಚಿತ’ ಎಂಬ ಎರಡು ಮಾತುಗಳೂ ಇಲ್ಲಿ ಮುಖ್ಯ.

ಇನ್ನು ಮಾರಾಟದ ನಕಲು. 1985ರ ಕರ್ನಾಟಕದ ಒಂದು ಕಾಯ್ದೆಯನ್ನು ಜನರು ‘ಗೂಂಡಾ ಕಾಯ್ದೆ’ ಎಂದು ಕರೆಯುತ್ತಾರೆ. ಅದರ ಪೂರ್ಣ ಹೆಸರಿನಲ್ಲಿ ಕಳ್ಳಬಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು ಮೊದಲಾದವರ ಸಾಲಿನಲ್ಲೇ ವಿಡಿಯೋ, ಆಡಿಯೋ ಕಳ್ಳನಕಲುದಾರರೂ ಸೇರಿದ್ದಾರೆ. ಕಳ್ಳನಕಲಿನ ಡಿಸ್ಕನ್ನು ಅಗ್ಗದಲ್ಲಿ ಕೊಂಡು ತಂದು, ಅದರ ‘ಜೋಪಾನದ ನಕಲು’ ಮಾಡಿಟ್ಟುಕೊಂಡೆ ಎನ್ನುವವನು ಯಾವ ಸಾಲಿನವರಿಗೆ ಗಿರಾಕಿಯಾದೆನೆಂದು ಯೋಚಿಸಲಿ. ಕದ್ದ ಕುರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಬೆಲೆ ಹೆಚ್ಚೆಂಬ ನೆಪವೂ ಬಹಳ ದಿನ ನಿಲ್ಲಲಿಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದಾಗಲೂ ಕಳ್ಳನಕಲಿನ ವ್ಯಾಪಾರ ನಿಲ್ಲಲಿಲ್ಲ.

ಬೀಗದ ಪ್ರಶ್ನೆ

ಡಿವಿಡಿಗಳಲ್ಲಿ ಅನೇಕವಕ್ಕೆ ಗುಪ್ತ ಸಂಕೇತದ ಬೀಗವಿರುತ್ತದೆ. ನಕಲು ತೆಗೆಯಬೇಕಾದರೆ ಆ ಬೀಗವನ್ನು ತೆರೆಯುವ ಪ್ರೋಗ್ರಾಮ್ ಬೇಕು. ಬೀಗ ಮುರಿಯುವುದೇ ಅಪರಾಧವಲ್ಲವೇ?

ಈ ಬಗ್ಗೆ ದೇಶಗಳ ನಿಲುವು ಒಂದೇ ಆಗಿಲ್ಲ. ಅಮೆರಿಕದ 1998ರ ಕಾನೂನು, ಕೆಲವು ವಿನಾಯಿತಿಗಳ ಹೊರತು, ಉದ್ದೇಶ ಏನೇ ಇದ್ದರೂ ಬೀಗ ತೆರೆಯುವುದನ್ನೇ ನಿಷೇಧಿಸುತ್ತದೆ. ಗ್ರಾಹಕರಿಗೆ ಡಿವಿಡಿ ಬ್ಯಾಕಪ್ ಮಾಡುವ ಪ್ರೋಗ್ರಾಮ್ ಮಾರುತ್ತಿದ್ದ ‘321 ಸ್ಟುಡಿಯೋಸ್’ ಎಂಬ ಕಂಪೆನಿಯ ವಿರುದ್ಧ 2004ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಆ ಕಂಪೆನಿ ಮುಚ್ಚಿತು. ನಾರ್ವೆಯಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. 1999ರಲ್ಲಿ ಡಿವಿಡಿಯ ಬೀಗ ತೆರೆಯುವ ಪ್ರೋಗ್ರಾಮನ್ನು ಪ್ರಕಟಿಸಿದ ಯುವಕ ಜಾನ್ ಜೊಹಾನ್ಸನ್‌ನನ್ನು 2003ರಲ್ಲಿ ಕೆಳಗಿನ ನ್ಯಾಯಾಲಯವೂ ಮೇಲಿನ ನ್ಯಾಯಾಲಯವೂ ಖುಲಾಸೆಗೊಳಿಸಿದವು. ನ್ಯಾಯವಾಗಿ ಕೊಂಡ ಡಿಸ್ಕನ್ನು ನೋಡಲು ಬೀಗ ತೆರೆದವನು ಅಪರಾಧಿಯಲ್ಲ ಎಂಬುದು ಅಲ್ಲಿನ ದೃಷ್ಟಿ. ಬ್ರಿಟನ್ನಿನಲ್ಲಿ ಸ್ವಂತಕ್ಕಾಗಿ ನಕಲು ಮಾಡಲು 2014ರಲ್ಲಿ ಕೊಟ್ಟ ಅನುಮತಿಯನ್ನು 2015ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಜರ್ಮನಿ 1965ರಲ್ಲೇ ಬೇರೊಂದು ದಾರಿ ಹಿಡಿಯಿತು: ಮನೆಯ ನಕಲಿಗೆ ಅನುಮತಿ, ಆದರೆ ಧ್ವನಿಮುದ್ರಣ ಯಂತ್ರ ತಯಾರಿಸುವವರಿಂದ ಒಂದು ಶುಲ್ಕ ಪಡೆದು ಕೃತಿಕಾರರಿಗೆ ಹಂಚಿಕೆ. ಜನರ ಅಗತ್ಯವನ್ನೂ ಶ್ರಮಿಕನ ಕೂಲಿಯನ್ನೂ ಒಟ್ಟಿಗೆ ನೋಡಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದು.

ಭಾರತದ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ವಿಧಿಯು ಬೀಗ ಮುರಿಯುವವನಿಗೆ ಎರಡು ವರ್ಷದವರೆಗೆ ಜೈಲುಶಿಕ್ಷೆ ಮತ್ತು ದಂಡ ವಿಧಿಸುತ್ತದೆ. ಆದರೆ ಒಂದು ಷರತ್ತಿದೆ: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಅಂದರೆ ನಮ್ಮ ಕಾನೂನು ಕೈಯನ್ನು ಮಾತ್ರವಲ್ಲ, ಉದ್ದೇಶವನ್ನೂ ನೋಡುತ್ತದೆ. ಕರ್ಮಗಳ ಬೆಲೆ ನಿಯ್ಯತ್‌ನಿಂದ ನಿರ್ಧಾರವಾಗುತ್ತದೆ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಬಾಲ್ಯದಿಂದಲೂ ಕೇಳುತ್ತಾ ಬಂದವರಿಗೆ ಇದು ಅರ್ಥವಾಗದ ಮಾತಲ್ಲ. ಕೀಲಿ ಕಳೆದುಹೋದ ತನ್ನದೇ ಪೆಟ್ಟಿಗೆಯ ಬೀಗವನ್ನು ತೆಗೆಸುವವನೂ, ಪರರ ಮನೆಯ ಬೀಗ ಮುರಿಯುವವನೂ ಒಂದೇ ಅಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕಾನೂನಿನ ಅಧಿಕಾರಿ ನಿಯ್ಯತ್ತನ್ನು ಹೊರಗಿನ ಕುರುಹುಗಳಿಂದ ಊಹಿಸಬೇಕು. ಅಲ್ಲಾಹನಿಗೆ ಅದು ನೇರವಾಗಿ ತಿಳಿದಿದೆ. ‘ಜೋಪಾನಕ್ಕಾಗಿ’ ಎಂದು ಬಾಯಲ್ಲಿ ಹೇಳುತ್ತಾ, ನಾಳೆ ಗೆಳೆಯನಿಗೆ ಕೊಡುವ ಯೋಚನೆಯನ್ನು ಮನದಲ್ಲಿಟ್ಟುಕೊಂಡು ಬೀಗ ತೆರೆದವನು ಜನರಿಂದ ತಪ್ಪಿಸಿಕೊಳ್ಳಬಹುದು. ಹಾಗೆಯೇ, ಮುಸ್ಲಿಮರು ತಾವು ಒಪ್ಪಿದ ಷರತ್ತುಗಳಿಗೆ ಬದ್ಧರು ಎಂಬುದೂ ಪ್ರವಾದಿ(ಸ)ಯವರ ಶಿಕ್ಷಣವಾಗಿದೆ. ಕೊಳ್ಳುವ ಮೊದಲೇ ಮಾರಾಟಗಾರ ‘ಇದರ ನಕಲು ಕೂಡದು, ಕೆಟ್ಟರೆ ಬದಲಿಸಿ ಕೊಡುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿ, ನಾವು ಒಪ್ಪಿ ಕೊಂಡಿದ್ದರೆ ಆ ಮಾತನ್ನು ಉಳಿಸಿಕೊಳ್ಳಬೇಕು. ಅನುಕೂಲವಾದಾಗ ಮಾತು, ಅನನುಕೂಲವಾದಾಗ ಮರೆವು ಎಂಬುದು ಸತ್ಯವಿಶ್ವಾಸಿಯ ಗುಣವಲ್ಲ.

ದೀನಿನ ಹೆಸರಿನಲ್ಲಿ

‘ಇದು ಧಾರ್ಮಿಕ ಪ್ರವಚನದ ಡಿಸ್ಕ್, ಎಷ್ಟು ಹರಡಿದರೂ ಪುಣ್ಯವೇ’ ಎಂಬ ವಾದವೂ ಕೇಳಿಬರುತ್ತದೆ. ಅನೇಕ ಸಂಸ್ಥೆಗಳು ತಮ್ಮ ಪ್ರವಚನಗಳನ್ನು ನಕಲು ಮಾಡಿ ಹಂಚಲು ತಾವಾಗಿಯೇ ಅನುಮತಿ ನೀಡುತ್ತವೆ. ಅಂತಹುದನ್ನು ಧಾರಾಳವಾಗಿ ಹಂಚಲಿ. ಆದರೆ ಅನುಮತಿಯಿಲ್ಲದ ಕಡೆ ಈ ವಾದ ನಿಲ್ಲದು. ಧಾರ್ಮಿಕ ಡಿಸ್ಕನ್ನು ತಯಾರಿಸಲೂ ಕ್ಯಾಮರಾದವನಿಗೆ ಕೂಲಿ ಕೊಡಬೇಕು, ಮುದ್ರಣಕ್ಕೆ ಹಣ ತೆರಬೇಕು. ಒಂದು ಡಿಸ್ಕ್ ಕೊಂಡು ನೂರು ನಕಲು ಹಂಚಿದವನು ಆ ಸಂಸ್ಥೆಯ ಮುಂದಿನ ಡಿಸ್ಕನ್ನೇ ಇಲ್ಲವಾಗಿಸಬಹುದು. ಇನ್ನೊಬ್ಬನ ಹಕ್ಕನ್ನು ತುಳಿದು ಮಾಡಿದ ದಾನಕ್ಕೆ ಪುಣ್ಯ ನಿರೀಕ್ಷಿಸುವುದು ಹೇಗೆ? ಕೇಳಿದರೆ ಕೊಡುವವರೇ ಹೆಚ್ಚು. ಕೇಳಲು ಒಂದು ಫೋನ್ ಕರೆ ಸಾಕು.

ಮದುವೆಯ ಡಿಸ್ಕ್: ಹಕ್ಕು ನಮ್ಮದು, ಹೊಣೆಯೂ ನಮ್ಮದು

ನಮ್ಮ ಮನೆಗಳಲ್ಲಿ ಅತ್ಯಂತ ಅಮೂಲ್ಯವಾದ ಡಿಸ್ಕ್ ಅಂಗಡಿಯಲ್ಲಿ ಕೊಂಡದ್ದಲ್ಲ. ಮದುವೆಯ, ಅಖೀಕಾದ, ಹಜ್‌ಗೆ ಹೊರಟವರನ್ನು ಬೀಳ್ಕೊಟ್ಟ ದಿನದ ಡಿಸ್ಕ್. ಈಗ ನಮ್ಮೊಂದಿಗಿಲ್ಲದ ದಾದಿಯ ನಗು, ನಾನಾರ ದುಆದ ಧ್ವನಿ ಅದರಲ್ಲಿರಬಹುದು. ಬೇರೆಲ್ಲಿಯೂ ಅದರ ಇನ್ನೊಂದು ಪ್ರತಿ ಸಿಗದು. ಇದರ ಬಗ್ಗೆ ಹಕ್ಕಿನ ಅಳುಕು ಬೇಡ. ಕೃತಿಸ್ವಾಮ್ಯ ಕಾಯ್ದೆಯ 17ನೆಯ ವಿಧಿಯ ಪ್ರಕಾರ, ಹಣ ಕೊಟ್ಟು ಹೇಳಿ ಮಾಡಿಸಿದ ಚಿತ್ರೀಕರಣದ ಮೊದಲ ಒಡೆಯ ಮಾಡಿಸಿದವನೇ, ಬೇರೆ ಕರಾರು ಇಲ್ಲದಿದ್ದರೆ. ಅಬ್ಬಾ ಮಾಡಿಸಿದ ಮದುವೆಯ ಡಿಸ್ಕನ್ನು ಎಲ್ಲ ಮಕ್ಕಳೂ ಪ್ರತಿ ಮಾಡಿ ಇಟ್ಟುಕೊಳ್ಳಬಹುದು.

ಆದರೆ ಹಕ್ಕು ಪೂರ್ತಿ ನಮ್ಮದಾದಲ್ಲೇ ಹೊಣೆ ಹೆಚ್ಚು ಭಾರವಾಗುತ್ತದೆ. ಆ ಡಿಸ್ಕಿನಲ್ಲಿ ನಮ್ಮ ತಾಯಂದಿರು, ಸಹೋದರಿಯರು, ಅತಿಥಿಗಳಾಗಿ ಬಂದ ನೆರೆಮನೆಯ ಹೆಣ್ಣುಮಕ್ಕಳು ಇದ್ದಾರೆ. ನಮ್ಮ ಮನೆಯ ಸಂಭ್ರಮವೆಂಬ ನಂಬಿಕೆಯಿಂದ ಅವರು ನಿಶ್ಚಿಂತೆಯಾಗಿ ಕುಳಿತಿದ್ದರು. ಅವರ ಮಾನ ನಮ್ಮ ಕೈಯಲ್ಲಿರುವ ಅಮಾನತ್. ಆ ಡಿಸ್ಕನ್ನು ಪೇಟೆಯ ಯಾವುದೋ ಅಂಗಡಿಯಲ್ಲಿ ನಕಲಿಗೆ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದುಬಿಡಬಹುದು. ಫೋನಿನಿಂದ ಫೋನಿಗೆ ಕಳುಹಿಸಿದರೆ ಮತ್ತೆ ಅದನ್ನು ಹಿಂದಕ್ಕೆ ಕರೆಯಲಾಗದು. ಇಂತಹ ನಕಲನ್ನು ಮನೆಯ ಕಂಪ್ಯೂಟರಿನಲ್ಲೇ, ಮನೆಯವರ ಕಣ್ಣೆದುರಿನಲ್ಲೇ ಮಾಡುವುದು ಕೇವಲ ಅನುಕೂಲವಲ್ಲ, ಕರ್ತವ್ಯ. ಹಳೆಯ ಕಂಪ್ಯೂಟರನ್ನು ಮಾರುವಾಗಲೂ ಅದರೊಳಗಿನ ಇಂತಹ ಪ್ರತಿಗಳನ್ನು ಪೂರ್ತಿ ಅಳಿಸಬೇಕು. ಕಾನೂನು ಇಲ್ಲಿ ನಮ್ಮನ್ನು ತಡೆಯಲಾರದು, ಲಜ್ಜೆ ತಡೆಯಬೇಕು.

ಮಕ್ಕಳು ನೋಡುತ್ತಿದ್ದಾರೆ

ಮನೆಯ ಕಂಪ್ಯೂಟರಿನ ಮುಂದೆ ಹಿರಿಯರು ಕುಳಿತಾಗ ಪಕ್ಕದಲ್ಲಿ ಮಕ್ಕಳೂ ಇರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಕೆಲಸ ಹಿರಿಯರಿಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು. ‘ಅಬ್ಬಾ, ಇದು ನಾವು ಕೊಂಡದ್ದಲ್ಲವಲ್ಲ, ನಕಲು ಮಾಡಬಹುದೇ?’ ಎಂದು ಮಗು ಕೇಳಿದಾಗ ನಮ್ಮ ಉತ್ತರವೇನು? ‘ಎಲ್ಲರೂ ಮಾಡುತ್ತಾರೆ’ ಎಂಬ ಉತ್ತರ ಕೊಟ್ಟರೆ, ನಾಳೆ ಪರೀಕ್ಷೆಯಲ್ಲಿ, ವ್ಯಾಪಾರದಲ್ಲಿ, ಕಚೇರಿಯಲ್ಲಿ ಆ ಮಗು ಅದೇ ಉತ್ತರವನ್ನು ತನಗೆ ತಾನೇ ಕೊಟ್ಟುಕೊಳ್ಳುತ್ತದೆ. ಬದಲಿಗೆ ‘ಇದು ಮಾಮಾರ ಡಿಸ್ಕ್, ನೋಡಿ ಮರಳಿಸೋಣ, ಅದು ನಮ್ಮದು, ಕೆಡದಂತೆ ಒಂದು ಪ್ರತಿ ಇಡೋಣ’ ಎಂದರೆ ಮಗು ಒಂದು ದೊಡ್ಡ ವ್ಯತ್ಯಾಸವನ್ನು ಕಲಿಯುತ್ತದೆ. ಒಂದು ಕೆಲಸ ಸಾಧ್ಯವಿದೆ ಎಂಬುದೂ, ಆ ಕೆಲಸ ಸರಿಯಾಗಿದೆ ಎಂಬುದೂ ಬೇರೆ ಬೇರೆ.

ಇದು ಫತ್ವಾ ಅಲ್ಲ. ತಮ್ಮ ಸಂದರ್ಭದ ನಿರ್ದಿಷ್ಟ ತೀರ್ಮಾನಕ್ಕೆ ಓದುಗರು ತಮ್ಮ ಊರಿನ ವಿಶ್ವಾಸಾರ್ಹ ಆಲಿಮರನ್ನು ಕೇಳಬೇಕು. ಆದರೆ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವೆ. ಮೂಲ ಡಿಸ್ಕ್ ನ್ಯಾಯವಾಗಿ ನನ್ನದೇ? ನಕಲು ನನ್ನ ಮನೆಯ ಹೊಸ್ತಿಲು ದಾಟುವುದಿಲ್ಲವೇ? ಮೂಲವನ್ನು ಮಾರಿದಾಗ, ಕೊಟ್ಟಾಗ ನಕಲನ್ನು ಅಳಿಸುವೆನೇ? ಇದನ್ನು ತಯಾರಿಸಿದವನು ಈಗ ಬಾಗಿಲು ತಟ್ಟಿ ಒಳಗೆ ಬಂದರೆ, ನಾನು ಮಾಡುತ್ತಿರುವುದನ್ನು ಅಳುಕಿಲ್ಲದೆ ತೋರಿಸಬಲ್ಲೆನೇ? ಮನಸ್ಸನ್ನು ಚುಚ್ಚುವುದು, ಜನರಿಗೆ ತಿಳಿಯಬಾರದೆಂದು ನಾವು ಬಯಸುವುದು ಪಾಪದ ಗುರುತೆಂದು ಪ್ರವಾದಿ(ಸ)ಯವರು ನಮಗೆ ಕಲಿಸಿಕೊಟ್ಟಿದ್ದಾರೆ. ಈ ಕೊನೆಯ ಪ್ರಶ್ನೆಗೆ ‘ಹೌದು’ ಎನ್ನಬಲ್ಲವನ ನಕಲು ಜೋಪಾನವಾಗಿದೆ. ‘ಇಲ್ಲ’ ಎನ್ನುವವನ ಕಂಪ್ಯೂಟರಿನಲ್ಲಿರುವುದು ಪರರ ಸೊತ್ತು. ಅದನ್ನು ಅಳಿಸಲು ಒಂದು ಕ್ಷಣ ಸಾಕು, ಆದರೆ ಅದರ ಲೆಕ್ಕ ಕೊಡಬೇಕಾದ ದಿನ ಬಹಳ ದೀರ್ಘವಾದುದು.

ಕಾಣದ ಕಡೆಯಲ್ಲೂ ಪರರ ಹಕ್ಕನ್ನು ಕಾಯುವ ಮನಸ್ಸನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.